ಹಳೇಕೋಟೆಗೆ ಹೋಗಿದ್ರಾ?

ಹಾಸನ
೮-೧-೨೦೨೪

ಪೂಜ್ಯ ಮೇಷ್ಟ್ರಿಗೆ,

ನಿಮ್ಮ ಶಿಷ್ಯೆ ಆಶಾರಾಣಿಯ ನಮಸ್ಕಾರಗಳು. ಮೊನ್ನೆ ಫೋನು ಮಾಡಿದ್ದೆ. ‘ಮುಖ್ಯವಾದದ್ದನ್ನ ಕಾಗದದಲ್ಲಿ ಬರಿಯಮ್ಮ, ಫೋನಲ್ಲಿ ಹೇಳಿದ್ದಕ್ಕೆ ಅಡಿಟಿಪ್ಪಣಿ ಹಾಕೋಕಾಗಲ್ಲ’ ಎಂದು ಇಟ್ಟೇಬಿಟ್ಟಿರಿ. ಅದಕ್ಕೇ ಈ ಕಾಗದ.

ನನ್ನ ಪಿಎಚ್.ಡಿ. ಪ್ರಬಂಧ ಪುಸ್ತಕವಾಗುತ್ತಿದೆ. ‘ಹಾಸನ ಸೀಮೆಯ ವೀರಗಲ್ಲುಗಳಲ್ಲಿ ಹೆಣ್ಣು’ ಎಂದು ಹೆಸರು. ಕರಡು ಪ್ರತಿ ಇದರ ಜೊತೆಗಿದೆ. ಹದಿನೇಳು ವರ್ಷದ ಹಿಂದೆ ಚನ್ನರಾಯಪಟ್ಟಣದ ತರಗತಿಯಲ್ಲಿ, ಸತ್ತ ವೀರನ ಹೆಸರಿನಲ್ಲಿ ನೆಟ್ಟ ಕಲ್ಲೊಂದರ ಕತೆ ಹೇಳಿ ಕೊನೆಯ ಬೆಂಚಿನ ಹುಡುಗಿಯ ನಿದ್ದೆ ಕೆಡಿಸಿದವರು ನೀವು. ಆದ್ದರಿಂದ ಮುನ್ನುಡಿಯೂ ನಿಮ್ಮದೇ ಆಗಬೇಕು.

ಮಾರ್ಚ್ ಮುಗಿಯುವುದರೊಳಗೆ ಪುಸ್ತಕ ಕೈಯಲ್ಲಿದ್ದರೆ ಬಡ್ತಿಯ ಅರ್ಜಿಗೆ ಅಂಕ ಸೇರುತ್ತದೆ. ತಪ್ಪಿದರೆ ಇನ್ನೆರಡು ವರ್ಷ ನಾನು ಈಗಿರುವಲ್ಲೇ. ಎರಡೇ ಪುಟ ಸಾಕು ಮೇಷ್ಟ್ರೇ. ಬೈದರೂ ಸರಿ.

ನಿಮ್ಮ
ಆಶಾರಾಣಿ


ಚನ್ನರಾಯಪಟ್ಟಣ
೨೧-೧-೨೦೨೪

ಚಿ. ಸೌ. ಆಶಾರಾಣಿಗೆ ಆಶೀರ್ವಾದಗಳು.

ನಾನು ಕ್ಷೇಮ. ನಿನ್ನ ಪುಸ್ತಕ ಬಿಚ್ಚುವವರೆಗೆ ಇನ್ನೂ ಕ್ಷೇಮವಾಗಿದ್ದೆ.

ಇನ್ನೂರ ನಲವತ್ತು ಪುಟ, ಆರು ನೂರ ಹನ್ನೊಂದು ಅಡಿಟಿಪ್ಪಣಿ. ಭಲೆ! ಅದರಲ್ಲಿ ನೂರ ಎಂಬತ್ತು ಕಡೆ ಬರೀ ‘ಅದೇ’ ಎಂದಿದೆ. ಈ ‘ಅದೇ’ ಎಂಬ ಮಹನೀಯರು ಕನ್ನಡ ಸಂಶೋಧನೆಗೆ ಸಲ್ಲಿಸಿರುವ ಸೇವೆ ಅಷ್ಟಿಷ್ಟಲ್ಲ. ಯಾವ ಲೇಖನ ತೆಗೆದರೂ ಅವರಿದ್ದಾರೆ. ಇಷ್ಟಾದರೂ ಯಾರೊಬ್ಬರೂ ಅವರಿಗೊಂದು ಅಭಿನಂದನ ಗ್ರಂಥ ತರಲಿಲ್ಲವಲ್ಲ ಎಂಬುದೇ ನನ್ನ ಕೊರಗು.

ಇಲ್ಲಿಯವರೆಗೆ ತಮಾಷೆ. ಇನ್ನು ನೂರ ಹನ್ನೆರಡನೆಯ ಪುಟಕ್ಕೆ ಬಾ.

‘ಹಳೇಕೋಟೆಯ ವೀರಗಲ್ಲಿನಲ್ಲಿ ಕುದುರೆಯೇರಿ ಕತ್ತಿ ಹಿಡಿದ ಹೆಣ್ಣಿದ್ದಾಳೆ. ಕ್ಷೇತ್ರಕಾರ್ಯದಲ್ಲಿ ಇದನ್ನು ಖುದ್ದಾಗಿ ನೋಡಿದ್ದೇನೆ’ ಎಂದು ಬರೆದಿದ್ದೀಯೆ.

ನೋಡಿಲ್ಲ, ತಾಯಿ. ನೋಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ಯಾಕೆಂದು ಹೇಳುತ್ತೇನೆ, ಕೂತುಕೊಂಡು ಓದು.

೧೯೮೯ರಲ್ಲಿ ನಮ್ಮ ಕಾಲೇಜಿನ ಸ್ಮರಣ ಸಂಚಿಕೆಗೆ ನಾನೊಂದು ಲೇಖನ ಬರೆದೆ. ಹಳೇಕೋಟೆಯದೊಂದು, ಕಟ್ಟಾಯದ್ದೊಂದು, ಎರಡು ವೀರಗಲ್ಲು. ಸ್ಟುಡಿಯೋ ಕೀರ್ತಿರಾಜ್ ತೆಗೆದ ಎರಡು ಫೋಟೋ. ಒಂದರಲ್ಲಿ ಕುದುರೆಯ ಮೇಲಿನ ಹೆಣ್ಣು, ಇನ್ನೊಂದರಲ್ಲಿ ಹುಲಿಯನ್ನು ಬಾಕಿನಿಂದ ತಿವಿಯುತ್ತಿರುವ ಗಂಡು. ಲೇಖನದಲ್ಲಿ ನಾನು ಎರಡನ್ನೂ ‘ಚಿತ್ರದಲ್ಲಿ ಕಾಣುವಂತೆ’ ಎಂದಷ್ಟೇ ಬರೆದು ಕೈ ತೊಳೆದುಕೊಂಡಿದ್ದೆ. ಪ್ರೆಸ್ಸಿನವನು ಚಿತ್ರಗಳನ್ನು ಅದಲು ಬದಲು ಮಾಡಿಬಿಟ್ಟ. ಕಟ್ಟಾಯದ ಹೆಣ್ಣು ಹಳೇಕೋಟೆಗೆ ಹೋದಳು, ಹಳೇಕೋಟೆಯ ಹುಲಿ ಕಟ್ಟಾಯಕ್ಕೆ ಬಂತು. ಗೊತ್ತಾದ ಕೂಡಲೇ ತಿದ್ದೋಲೆ ಅಚ್ಚು ಹಾಕಿಸಿದೆ. ಅಷ್ಟರಲ್ಲಿ ಸಂಚಿಕೆ ಹಂಚಿ ಆಗಿತ್ತು. ಬೀರುವಿನಲ್ಲಿ ಉಳಿದ ಹನ್ನೊಂದು ಪ್ರತಿಗೆ ಅಟೆಂಡರ್ ಪಾಪಯ್ಯ ಅದನ್ನು ಅಂಟಿಸಿದ. ಆ ಹನ್ನೊಂದನ್ನು ಇವತ್ತಿಗೂ ಯಾರೂ ತೆರೆದಿಲ್ಲ.

ಆಮೇಲೆ ಶುರುವಾಯಿತು ನೋಡು ಉತ್ಸವ. ೧೯೯೪ರಲ್ಲಿ ಒಬ್ಬರು ಹಳೇಕೋಟೆಯ ಹೆಣ್ಣಿನ ಬಗ್ಗೆ ಬರೆದರು, ನನ್ನ ಹೆಸರು ಹಾಕಿ. ಅವರನ್ನು ನೋಡಿ ಇನ್ನೊಬ್ಬರು. ಎಂಟನೆಯವರ ಹೊತ್ತಿಗೆ ನನ್ನ ಹೆಸರು ಉದುರಿತು. ಹದಿಮೂರನೆಯವರು ‘ವಿದ್ವಾಂಸರೆಲ್ಲ ಒಪ್ಪಿರುವಂತೆ’ ಎಂದರು. ಇಪ್ಪತ್ತಾರು ಮತ್ತು ಇಪ್ಪತ್ತೇಳನೆಯವರು ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಂಡರು, ಇಬ್ಬರ ಲೇಖನವೂ ಇನ್ನೂ ಅಚ್ಚಾಗುವ ಮೊದಲೇ. ಒಬ್ಬ ಮಹಾನುಭಾವ ಫೋಟೋದ ಬಲಗಡೆ ಪ್ರೆಸ್ಸಿನ ಮಸಿ ಚೆಲ್ಲಿದ್ದನ್ನು ‘ಚಂದ್ರನಂಥ ನಿಗೂಢ ಸಂಕೇತ’ ಎಂದು ಎರಡು ಪುಟ ವ್ಯಾಖ್ಯಾನ ಮಾಡಿದ್ದಾನೆ. ಪತ್ರಿಕೆಯ ಹೆಸರಿನಲ್ಲಿ ‘ಅಂತರರಾಷ್ಟ್ರೀಯ’ ಎಂದಿದೆ; ವಿಳಾಸ ಮಾತ್ರ ಸಂಪಾದಕರ ಮಾವನ ಮನೆಯದು.

ಇವರೆಲ್ಲರ ಹೆಸರನ್ನು ನೀಲಿ ರಟ್ಟಿನ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮೂವತ್ತೆಂಟು ಜನ. ಇಲ್ಲಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಮೂವತ್ತೆಂಟರಲ್ಲಿ ಒಬ್ಬರೂ ಹಳೇಕೋಟೆಗೆ ಹೋಗಿ ನೋಡಲಿಲ್ಲ.

ಇಪ್ಪತ್ತೊಂದನೆಯವನು ನೆನಪಿದ್ದಾನೆ. ಅರಕಲಗೂಡಿನ ಭರತೇಶ್ ಎಂಬ ಹುಡುಗ. ೨೦೦೯ರಲ್ಲಿ ಹಾಸನದ ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದ. ಎಲ್ಲರೂ ಹೆಣ್ಣನ್ನಷ್ಟೇ ಕದ್ದರೆ, ಅವನು ಕುದುರೆಯ ಹೊಟ್ಟೆಯ ಕೆಳಗೆ ಒಂದು ನಾಯಿಯೂ ಇದೆ ಎಂದುಬಿಟ್ಟ! ಫೋಟೋದಲ್ಲಿ ನಾಯಿಯ ಬಾಲವೂ ಇಲ್ಲ. ಅಧ್ಯಕ್ಷರ ಕುರ್ಚಿಯಿಂದ ಕೇಳಿದೆ: ‘ಹಳೇಕೋಟೆಗೆ ಹೋಗಿದ್ರಾ?’ ‘ಹೋಗಿದ್ದೆ ಸಾ, ನೂಲಲ್ಲಿ ಅಳ್ದಿದೀನಿ’ ಅಂದ. ‘ಹಂಗಾದ್ರೆ ಆ ನಾಯಿ ನಿಮ್ಮನ್ನ ಕಚ್ಚಲಿಲ್ವೇನ್ರೀ?’ ಅಂದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುಡುಗ ಹಾಳೆ ಮಡಚಿಕೊಂಡು ಊಟಕ್ಕೂ ನಿಲ್ಲದೆ ಹೋದ. ಆಮೇಲೆ ಸಂಶೋಧನೆ ಬಿಟ್ಟು ಅರಕಲಗೂಡಿನಲ್ಲಿ ಬಣ್ಣದ ಅಂಗಡಿ ಇಟ್ಟನಂತೆ. ವಿದ್ವತ್ ಲೋಕಕ್ಕೆ ನನ್ನಿಂದಾದ ಅಲ್ಪ ಸೇವೆ.

ನೀನು ಮೂವತ್ತೊಂಬತ್ತನೆಯವಳು. ಉಳಿದವರ ಹೆಸರು ಬರೆಯುವಾಗ ನಗು ಬರುತ್ತಿತ್ತು. ನಿನ್ನದು ಬರೆಯುವಾಗ ಹೇಸಿಗೆಯಾಯಿತು. ನಕಲು ಮಾಡಿದ್ದಕ್ಕಲ್ಲ, ‘ಖುದ್ದಾಗಿ’ ಎಂಬ ಆ ಒಂದು ಪದಕ್ಕೆ. ಈಗ ನಿನಗೆ ಬಸ್ಸೂ ಪುಕ್ಕಟೆಯಲ್ಲವೇನಮ್ಮ?

ಮುನ್ನುಡಿ ಬರೆಯಲಾರೆ.

ಇತಿ,
ವರ್ಧಮಾನ


ಹಾಸನ
೨-೨-೨೦೨೪

ಮೇಷ್ಟ್ರೇ,

ಹೋಗಿಲ್ಲ. ನೀವು ಹೇಳಿದ್ದು ನಿಜ.

ಸಮಜಾಯಿಷಿ ಕೊಡುತ್ತಿಲ್ಲ, ಆದರೆ ನಾನಿರುವ ಜಾಗ ಎಂಥದೆಂದು ನಿಮಗೆ ತಿಳಿದಿರಲಿ. ವರ್ಷಕ್ಕೆ ನಾಲ್ಕು ಲೇಖನ ಅಚ್ಚಾಗಬೇಕು. ನಮ್ಮದೊಂದು ವಾಟ್ಸಾಪ್ ಗುಂಪಿದೆ. ‘ಮೇಡಂ, ನನ್ನದನ್ನು ಎರಡು ಕಡೆ ಉಲ್ಲೇಖಿಸಿ, ನಿಮ್ಮದನ್ನು ನಾನು ಮೂರು ಕಡೆ ಹಾಕುತ್ತೇನೆ’ ಎಂದು ಬೆಳಗಾದರೆ ಸಂದೇಶ. ಮದುವೆಯ ಮುಯ್ಯಿಯ ಹಾಗೆ. ಲೇಖನ ಕಳಿಸಿದ ಮಧ್ಯಾಹ್ನವೇ ‘ತಜ್ಞರು ಓದಿ ಮೆಚ್ಚಿದ್ದಾರೆ’ ಎಂದು ಉತ್ತರ ಬರುತ್ತದೆ. ಒಮ್ಮೆ ಕಡತ ತಪ್ಪಿ ತಂಗಿಯ ಮಗುವಿನ ನಾಮಕರಣದ ಊಟದ ಪಟ್ಟಿ ಕಳಿಸಿದ್ದೆ. ಅದನ್ನೂ ಮೆಚ್ಚಿದ್ದರು. ಇದನ್ನೆಲ್ಲ ಮಾಡಿದ ಕೈ ತೊಳೆಯಬೇಕು ಎನಿಸುತ್ತದೆ, ತೊಳೆದು ಬಂದು ಮತ್ತೆ ಅದನ್ನೇ ಮಾಡುತ್ತೇನೆ.

ಆದರೆ ‘ಖುದ್ದಾಗಿ’ ಎಂದು ಬರೆದದ್ದು ಅಂಕಕ್ಕಲ್ಲ. ನಂಬುವುದಾದರೆ ನಂಬಿ. ತರಗತಿಯಲ್ಲಿ ನೀವು ಹೇಳುತ್ತಿದ್ದಿರಿ: ಕೀರ್ತಿರಾಜ್ ಅವರ ಜೊತೆ ಬಿಸಿಲಲ್ಲಿ ಹಳೇಕೋಟೆಗೆ ನಡೆದದ್ದು, ದಾರಿಯ ಕೆಂಪು ಧೂಳು, ಕಲ್ಲಿನ ಮುಂದೆ ನಿಂತಾಗ ನಿಮ್ಮ ಮೈ ಜುಮ್ಮೆಂದದ್ದು. ಕಲ್ಲಿನಲ್ಲಿ ಏನು ಕೆತ್ತಿದೆ ಎಂದು ಮಾತ್ರ ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಈ ವಿಷಯ ಹಿಡಿದದ್ದೇ ಆ ಕತೆಯಿಂದ. ನೀವು ಹೋಗಿದ್ದಿರಲ್ಲ, ಹಾಗಾಗಿ ನಾನೂ ಹೋಗಿದ್ದೆ ಅಂತಲೇ ಅನ್ನಿಸುತ್ತಿತ್ತು.

ಇನ್ನೊಂದು. ಮೂವತ್ತೆಂಟು ಹೆಸರು ಬರೆದಿಟ್ಟಿದ್ದೀರಿ. ಒಬ್ಬರಿಗಾದರೂ ‘ಇದು ತಪ್ಪಪ್ಪ’ ಎಂದು ಕಾಗದ ಹಾಕಿದ್ದಿರಾ? ಅಥವಾ ಬರೀ ಲೆಕ್ಕ ಏರುವುದನ್ನೇ ನೋಡುತ್ತ ಕೂತಿರಾ?

ಹದಿನೆಂಟಕ್ಕೆ ಭಾನುವಾರ. ಹಳೇಕೋಟೆಗೂ ಕಟ್ಟಾಯಕ್ಕೂ ಹೋಗಿ ಬಂದು ಬರೆಯುತ್ತೇನೆ.

ನಿಮ್ಮ ಮೂವತ್ತೊಂಬತ್ತನೆಯ
ಆಶಾರಾಣಿ


ಚನ್ನರಾಯಪಟ್ಟಣ
೯-೨-೨೦೨೪

ಚಿ. ಸೌ. ಆಶಾರಾಣಿಗೆ,

ಹೋಗಿ ಬಾ. ಬಿಸಿಲಿಗೆ ಕೊಡೆ ಇರಲಿ. ಹಳೇಕೋಟೆಯ ಹುಲಿಗೆ ನನ್ನ ನಮಸ್ಕಾರ ತಿಳಿಸು. ಮೂವತ್ತೈದು ವರ್ಷದಿಂದ ಒಬ್ಬ ವಿದ್ವಾಂಸನೂ ಕಡೆಗಣ್ಣಿಂದಲೂ ನೋಡಿಲ್ಲ ಅದನ್ನ. ಹಸಿದಿರುತ್ತದೆ, ದೂರ ನಿಲ್ಲು.

ನಿನ್ನ ಕೊನೆಯ ಪ್ರಶ್ನೆ ಅಧಿಕಪ್ರಸಂಗದ್ದು. ಸರಿಯಾದದ್ದೂ ಹೌದು. ಒಬ್ಬರಿಗೂ ಕಾಗದ ಹಾಕಿಲ್ಲ.

ಇತಿ,
ವರ್ಧಮಾನ


ಹಾಸನ
೧೯-೨-೨೦೨೪

ಮೇಷ್ಟ್ರೇ,

ಹೇಗೆ ಬರೆಯಲಿ ಎಂದು ನಾಲ್ಕು ಹಾಳೆ ಹರಿದೆ. ಕಂಡದ್ದನ್ನು ಕಂಡ ಹಾಗೆ ಬರೆದುಬಿಡುತ್ತೇನೆ.

ಕಲ್ಲಿರುವುದು ನಂಜಮ್ಮ ಎಂಬ ಎಂಬತ್ತರ ಅಜ್ಜಿಯ ಕೊಟ್ಟಿಗೆಯಲ್ಲಿ. ಎರಡು ಎಮ್ಮೆ, ನಡುವೆ ಕಲ್ಲು. ಎಮ್ಮೆಯನ್ನು ಆಚೆ ದಬ್ಬಿ ಅಜ್ಜಿ ಸೆರಗಿನಿಂದ ಕಲ್ಲು ಒರೆಸಿದರು. ನಾನು ಹುಲಿಗೆ ಸಿದ್ಧಳಾಗಿ ನಿಂತಿದ್ದೆ.

ಹುಲಿ ಇಲ್ಲ ಮೇಷ್ಟ್ರೇ. ಕುದುರೆಯ ಮೇಲಿನ ಹೆಣ್ಣು ಅಲ್ಲೇ ಇದ್ದಾಳೆ, ಕತ್ತಿ ಎತ್ತಿಕೊಂಡು.

‘ಅಜ್ಜಿ, ಈ ಕಲ್ಲನ್ನ ಬೇರೆ ಕಡೆಯಿಂದ ತಂದು ನಿಲ್ಸಿದಾರಾ?’ ಎಂದು ಕೇಳಿದೆ.

‘ಯಾರ್ ಎತ್ತಾರವ್ವಾ ಇದ್ನ? ನಾನು ಮದ್ವೆಯಾಗಿ ಬಂದಾಗ್ಲೂ ಇಲ್ಲೇ ಇತ್ತು. ಇದುನ್ನ ಕೀಳಕ್ಕಾಗ್ದೆಯ ಸುತ್ಲೂ ಕೊಟ್ಗೆ ಕಟ್ಟವ್ರೆ ನಮ್ ಮಾವ’ ಅಂದರು. ಕಲ್ಲಿಗೆ ಕುಂಕುಮ ಇಡಲು ಕೈ ಚಾಚಿದೆ. ಅಜ್ಜಿ ಕೈ ಹಿಡಿದುಕೊಂಡರು. ‘ಮೊದ್ಲು ನಾಯಿಗಿಕ್ಕು ಕಣವ್ವಾ, ಆಮ್ಯಾಕೆ ಅವ್ಳಿಗೆ. ಅವ್ಳ ಸಂಗ್ಡ ಕೊನೆಗಂಟ ಇದ್ದುದ್ದು ಅದೊಂದೇ ಅಲ್ವಾ?’

ಬಗ್ಗಿ ನೋಡಿದೆ. ಕುದುರೆಯ ಹೊಟ್ಟೆಯ ಕೆಳಗೆ, ಮೂತಿ ಮೇಲೆತ್ತಿಕೊಂಡು, ಅಂಗೈಯಷ್ಟು ದೊಡ್ಡದು.

‘ಫೋಟೋದಲ್ಲಿ ಇದು ಕಾಣಲ್ವಲ್ಲ ಅಜ್ಜಿ?’

‘ಎಂಗ್ ಕಂಡದು? ಫೋಟೋದೋರು ಬಂದಾಗ ಇಲ್ಲಿ ಸಗಣಿ ಗುಡ್ಡೆ ಇತ್ತು. ಬಾಚ್ತೀನಿ ತಡೀರಿ ಅಂದೆ. ಬ್ಯಾಡಿ ಬುಡಿ, ಮೇಷ್ಟ್ರು ಒಳೆನರಸೀಪುರದ ಓಟ್ಲಲ್ಲಿ ಕಾಯ್ತಾ ಕುಂತವ್ರೆ ಅಂತ ಅಂಗೇ ಫೋಟೋ ಒಡ್ಕಂಡು ಸೈಕಲ್ ಅತ್ಕಂಡು ಓಗ್ಬುಟ್ರು. ಮಜ್ಗೇನೂ ಪೂರಾ ಕುಡೀನಿಲ್ಲ.’

ಆಮೇಲೆ ತಾವಾಗಿಯೇ ಹೇಳಿದರು: ‘ಅರಕಲಗೂಡು ಕಡೆಯೋನು ಒಬ್ಬ ಬಂದಿದ್ದ ಕಣವ್ವಾ, ಹದಿನೈದು ವರ್ಸ ಆಗಿರ್ಬೇಕು. ಸಗಣಿ ಎಲ್ಲ ತಾನೇ ಬಾಚಿ, ನೀರಾಕಿ ತೊಳ್ದು, ನೂಲಲ್ಲಿ ಅಳ್ದ. ನಾಯಿ ಸಿಕ್ದಾಗ ಎಂಗ್ ಕುಣ್ದ ಅಂತೀಯಾ! ಬತ್ತೀನಿ ಅಜ್ಜಿ, ಪುಸ್ತಕ ತತ್ತೀನಿ ಅಂದಿದ್ದ. ಬರ್ನೇ ಇಲ್ಲ. ಉಸಾರಾಗವ್ನಾ?’

ಹುಷಾರಾಗಿದ್ದಾನೆ ಎಂದೆ.

ಅಲ್ಲಿಂದ ಕಟ್ಟಾಯಕ್ಕೂ ಹೋದೆ. ಹುಲಿ ಅಲ್ಲಿದೆ. ಪ್ರೆಸ್ಸಿನವನು ಏನನ್ನೂ ಅದಲು ಬದಲು ಮಾಡಿರಲಿಲ್ಲ. ಸಂಚಿಕೆ ಸರಿ, ತಿದ್ದೋಲೆ ತಪ್ಪು.

ಬೇಕೆಂದೇ ಫೋಟೋ ತೆಗೆಯಲಿಲ್ಲ. ಫೋಟೋಗಳಿಂದ ಆದದ್ದು ಸಾಕು. ಒಂದು ಪ್ರಶ್ನೆ ಇದೆ. ಶಿಷ್ಯೆಯಾಗಿ ಅದನ್ನು ಕೇಳಲಾರೆ.

ನಿಮ್ಮ
ಆಶಾರಾಣಿ


ಹಾಸನ
೨೦-೩-೨೦೨೪

ಮೇಷ್ಟ್ರೇ,

ತಿಂಗಳಾಯಿತು, ಕಾಗದವಿಲ್ಲ. ಫೋನೂ ಎತ್ತುತ್ತಿಲ್ಲ. ನಿಮ್ಮ ಮನೆಯವರು ‘ಊಟ ಮಾಡ್ತಾರೆ, ಮಾತಾಡಲ್ಲ’ ಎಂದರು.

ಪುಸ್ತಕವನ್ನು ಪ್ರೆಸ್ಸಿನಿಂದ ವಾಪಸು ತಂದೆ. ಅದರಲ್ಲಿ ಇನ್ನೂ ಇಪ್ಪತ್ತಾರು ಕಲ್ಲುಗಳಿವೆ. ಒಂಬತ್ತನ್ನು ಮಾತ್ರ ನೋಡಿದ್ದೇನೆ. ‘ನೂರ ಹನ್ನೆರಡನೆಯ ಪುಟ ಸರಿಯಾಗೇ ಇದೆಯಲ್ಲ, ಇನ್ನೇನ್ರೀ ನಿಮ್ದು?’ ಎಂದರು ವಿಭಾಗದ ಮುಖ್ಯಸ್ಥರು. ಸರಿಯಾಗಿದೆ, ಆದರೆ ಸುಳ್ಳು ಎಂದೆ. ಅವರು ನನ್ನನ್ನು ಬಹಳ ಮರುಕದಿಂದ ನೋಡಿದರು.

ಬಡ್ತಿಯ ಅರ್ಜಿ ಹಾಕುತ್ತಿಲ್ಲ. ಮುಂದಿನ ವಾರ ಮಲ್ಲಿಪಟ್ಟಣದ ಕಲ್ಲು ನೋಡಲು ಹೋಗುತ್ತೇನೆ.

ಆಶಾರಾಣಿ


ಚನ್ನರಾಯಪಟ್ಟಣ
೨-೪-೨೦೨೪

ಚಿ. ಸೌ. ಆಶಾರಾಣಿಗೆ,

ನೀನು ಕೇಳದ ಪ್ರಶ್ನೆಗೆ ಉತ್ತರ: ಇಲ್ಲ. ಹಳೇಕೋಟೆಗೂ ಇಲ್ಲ, ಕಟ್ಟಾಯಕ್ಕೂ ಇಲ್ಲ.

ಆವತ್ತು ಹೊಳೆನರಸೀಪುರದಲ್ಲಿ ಬಸ್ಸಿಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ‘ನೀವ್ ಯಾಕ್ ಬತ್ತೀರಿ ಸಾ, ನಾನೇ ಓಗಿ ಒಡ್ಕಂಡ್ ಬತ್ತೀನಿ’ ಎಂದು ಕೀರ್ತಿರಾಜ್ ಬಾಡಿಗೆ ಸೈಕಲ್ ಹತ್ತಿದ. ಸಂಶೋಧಕನಾದ ನಾನು ಹೋಟೆಲಿನಲ್ಲಿ ಇಡ್ಲಿ, ವಡೆ, ಎರಡು ಕಾಫಿಯ ಜೊತೆ ಕ್ಷೇತ್ರಕಾರ್ಯ ನಡೆಸಿದೆ. ಸಾಂಬಾರು ಚೆನ್ನಾಗಿತ್ತು. ಅದೊಂದನ್ನು ಖುದ್ದಾಗಿ ನೋಡಿದ್ದೇನೆ. ಕಟ್ಟಾಯಕ್ಕೆ ಅವನು ಇನ್ನೊಂದು ದಿನ ಒಬ್ಬನೇ ಹೋಗಿ ಬಂದ.

ಸಂಚಿಕೆ ಬಂದ ಮೇಲೆ ಅವನೇ ತಲೆ ಕೆರೆದುಕೊಂಡು ‘ಸಾ, ಫೋಟೋ ಅದ್ಲುಬದ್ಲು ಆಗದೆ ಅನ್ಸ್ತದೆ’ ಅಂದ. ಎರಡು ರೀಲನ್ನು ಒಟ್ಟಿಗೆ ತೊಳೆದಿದ್ದ, ಅವನಿಗೇ ಗೊಂದಲ. ಹೋಗಿ ನೋಡಿ ಬರಬಹುದಿತ್ತು. ತಿದ್ದೋಲೆ ಅಚ್ಚು ಹಾಕಿಸುವುದು ಸುಲಭವಾಗಿತ್ತು. ಕೀರ್ತಿರಾಜ್ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ತಪ್ಪನ್ನು ಅವನ ತಲೆಗೆ ಕಟ್ಟಿದರೆ ಅವನು ಎದ್ದು ಬಂದು ಇಲ್ಲ ಅನ್ನಲಾರ. ಅದಕ್ಕೇ ಕಟ್ಟುವುದಿಲ್ಲ.

ಕೆಂಪು ಧೂಳು, ಮೈ ಜುಮ್ಮೆಂದದ್ದು ಎಲ್ಲ ಎಲ್ಲಿಂದ ಬಂತು ಎಂದು ಕೇಳುವೆ. ಮೊದಲ ವರ್ಷ ತರಗತಿಗೆ ಸ್ವಲ್ಪ ರಂಗು ಇರಲೆಂದು ಹೇಳಿದೆ. ಎರಡನೆಯ ವರ್ಷ ಹುಡುಗರು ಇಷ್ಟಪಟ್ಟಿದ್ದರೆಂದು ಹೇಳಿದೆ. ಹತ್ತನೆಯ ವರ್ಷಕ್ಕೆ ನನಗೇ ನೆನಪಾಗತೊಡಗಿತು. ಆಣೆ ಮಾಡಿ ಹೇಳುತ್ತೇನೆ, ಈಗಲೂ ಕಣ್ಣು ಮುಚ್ಚಿದರೆ ಆ ಧೂಳು ಕಾಣುತ್ತದೆ.

ನೀಲಿ ನೋಟುಬುಕ್ಕು ತೆಗೆದೆ. ಕದ್ದವರೆಲ್ಲ ಸರಿ ಬರೆದಿದ್ದಾರೆ, ಕಾವಲಿಗೆ ಕೂತಿದ್ದವನೇ ತಪ್ಪು! ನನ್ನ ಹೆಸರನ್ನು ಮೊದಲ ಸಾಲಿನ ಮೇಲೆ ಸಂಖ್ಯೆಯಿಲ್ಲದೆ ಬರೆದೆ. ಓದಲಾರದೆ ಹಿತ್ತಲಿಗೆ ಹೋಗಿ ಉಗಿದು ಬಂದೆ. ಮೂವತ್ತೆಂಟು ಜನರನ್ನು ನೋಡಿ ಇಷ್ಟು ವರ್ಷ ಮೂಗು ಮುಚ್ಚಿಕೊಂಡಿದ್ದೆನಲ್ಲ, ನಾತ ನನ್ನದೇ ಆಗಿತ್ತು.

ಅವರನ್ನು ಬಿಡು. ಆ ಹುಡುಗ ಸಗಣಿ ಬಾಚಿದ್ದ, ಆಶಾ. ನಾನು ಅವನನ್ನು ನಗೆಗೀಡು ಮಾಡಿ ಕಳಿಸಿದೆ.

ಅವನ ವಿಳಾಸ ಸಿಕ್ಕಿದೆ. ಮುನ್ನುಡಿಯನ್ನು ಅವನಲ್ಲಿ ಕೇಳು.

ಇತಿ,
ವರ್ಧಮಾನ


ಚನ್ನರಾಯಪಟ್ಟಣ
೫-೪-೨೦೨೪

ಶ್ರೀ ಭರತೇಶ್ ಅವರಿಗೆ ನಮಸ್ಕಾರಗಳು.

ನನ್ನ ಹೆಸರು ಕಂಡು ಈ ಕಾಗದವನ್ನು ನೀವು ಹರಿಯದಿದ್ದರೆ ಅದು ನಿಮ್ಮ ದೊಡ್ಡತನ. ೨೦೦೯ರಲ್ಲಿ ಹಾಸನದಲ್ಲಿ ನಿಮ್ಮ ಪ್ರಬಂಧವನ್ನು ನಾನು ಗೇಲಿ ಮಾಡಿದೆ. ಹಳೇಕೋಟೆಯ ಕಲ್ಲಿನಲ್ಲಿ ಹೆಣ್ಣೂ ಇದ್ದಾಳೆ, ಕುದುರೆಯೂ ಇದೆ, ನೀವು ಹೇಳಿದ ನಾಯಿಯೂ ಇದೆ. ನೀವು ಸರಿ, ನಾನು ತಪ್ಪು. ನನ್ನ ಶಿಷ್ಯೆ ಆಶಾರಾಣಿ ಫೆಬ್ರವರಿಯಲ್ಲಿ ಅಲ್ಲಿಗೆ ಹೋಗಿ ಬಂದು ಬರೆದಿದ್ದಾಳೆ.

ಇದನ್ನು ಅಚ್ಚಿನಲ್ಲಿ, ನನ್ನ ಹೆಸರಿನಲ್ಲಿ, ನಾಲ್ಕು ಜನರ ಮುಂದೆ ಹೇಳಬೇಕೆಂದಿದ್ದೇನೆ. ನಿಮ್ಮ ಆವತ್ತಿನ ಪ್ರಬಂಧ ಉಳಿದಿದ್ದರೆ ಅದನ್ನೂ ಜೊತೆಗೇ ಅಚ್ಚು ಮಾಡಿಸೋಣ. ಹದಿನೈದು ವರ್ಷವನ್ನು ವಾಪಸು ಕೊಡುವ ದಾರಿ ನನಗೆ ಗೊತ್ತಿಲ್ಲ. ಕ್ಷಮಿಸಿ.

ನಂಜಮ್ಮನವರು ನಿಮ್ಮನ್ನು ಕೇಳಿದರಂತೆ.

ವರ್ಧಮಾನ


ಅರಕಲಗೂಡು
೨೨-೪-೨೦೨೪

ವರ್ಧಮಾನ ಸರ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಅಂಗಡಿಯ ಬಿಲ್ಲಿನ ಹಿಂದೆ ಬರೆಯುತ್ತಿದ್ದೇನೆ, ಬೇರೆ ಕಾಗದ ಇಡುವುದನ್ನು ಬಿಟ್ಟಿದ್ದೇನೆ. ಪ್ರಬಂಧ ಉಳಿದಿಲ್ಲ. ಅಳೆದ ನೂಲು ಗಲ್ಲಾಪೆಟ್ಟಿಗೆಯಲ್ಲಿದೆ, ಗಂಟುಗಳ ಸಮೇತ. ಯಾಕೆ ಇಟ್ಟುಕೊಂಡಿದ್ದೇನೆ ಎಂದು ನನಗೂ ಗೊತ್ತಿಲ್ಲ.

ಆವತ್ತು ಸಭೆ ನಕ್ಕಿದ್ದಕ್ಕೆ ನನಗೆ ಬೇಜಾರಾಗಲಿಲ್ಲ ಸರ್. ಅಷ್ಟು ಜನರಲ್ಲಿ ಒಬ್ಬರೂ ‘ನಡೀರಿ, ಹೋಗಿ ನೋಡಿ ಬರೋಣ’ ಎನ್ನಲಿಲ್ಲ. ಹಾಸನದಲ್ಲಿ ಬಸ್ ಹತ್ತಿದರೆ ಒಂದು ಗಂಟೆಯ ದಾರಿ. ಆಗ ನನಗೆ ಇಡೀ ವಿದ್ಯೆಯ ಮೇಲೇ ಅಸಹ್ಯ ಬಂತು. ಬಣ್ಣ ಮಾರುವುದು ವಾಸಿ ಎನಿಸಿತು. ಇಲ್ಲಿ ಗಿರಾಕಿಗಳು ಕಾರ್ಡಿನಲ್ಲಿರುವ ಚೌಕ ತೋರಿಸಿ ‘ಗೋಡೆ ಮ್ಯಾಲೂ ಇಂಗೇ ಕಾಣ್ತದಾ?’ ಅಂತಾರೆ. ಗೊತ್ತಿಲ್ಲ ಕಣಪ್ಪ, ಒಂದು ಕೈ ಹೊಡ್ದು ನೋಡು ಅಂತೀನಿ. ಹೊಡೆದು ನೋಡುತ್ತಾರೆ. ನಿಮ್ಮ ಕಡೆಯವರಿಗಿಂತ ನನ್ನ ಗಿರಾಕಿಗಳು ಮೇಲು.

ಆಶಾರಾಣಿಯವರು ಹೋಗಿ ಬಂದು ಬರೆದಿದ್ದಾರೆ ಅಂದಿರಿ. ಸಂತೋಷ. ಅವರ ಮಾತಿನ ಮೇಲೆ ನೀವು ಈಗ ಒಂದು ತಿದ್ದೋಲೆ ಅಚ್ಚು ಹಾಕಿಸುತ್ತೀರಿ. ನಿಮ್ಮ ಕ್ಷಮೆಗೆ ನಾನು ಆಮೇಲೆ ಉತ್ತರ ಕೊಡುತ್ತೇನೆ. ಅದಕ್ಕೆ ಮೊದಲು ಒಂದು ಮಾತು ಕೇಳಬೇಕು.

ಹಳೇಕೋಟೆಗೆ ಹೋಗಿದ್ರಾ ಸಾ?

ಭರತೇಶ್


ಹಳೇಕೋಟೆ
೨೮-೪-೨೦೨೪
(ಅಂಚೆ ಕಾರ್ಡು. ಇದೇ ಒಕ್ಕಣೆ ಆಶಾರಾಣಿಗೂ.)

ಶ್ರೀ ಭರತೇಶ್ ಅವರಿಗೆ,

ನಂಜಮ್ಮನವರ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬಸ್ಸಿಳಿದು ನಡೆದೇ ಬಂದೆ. ದಾರಿ ಡಾಂಬರಿನದು, ಕೆಂಪು ಧೂಳು ಎಲ್ಲೂ ಇಲ್ಲ. ಸಗಣಿ ಇತ್ತು, ಬಾಚಿದೆ. ಎಮ್ಮೆ ಒದೆಯಿತು. ಪರವಾಗಿಲ್ಲ, ನನಗೆ ಬರಬೇಕಾದದ್ದೇ.

ಪುಸ್ತಕ ತರುತ್ತೇನೆಂದಿದ್ದ ಹುಡುಗ ನಾನೇ ಇರಬಹುದು ಎಂದು ಅಜ್ಜಿ ಬಹಳ ಹೊತ್ತು ಮುಖ ನೋಡಿದರು. ‘ಅವ್ನಲ್ಲ ಬುಡು ನೀನು’ ಎಂದು ಮಜ್ಜಿಗೆ ಕೊಟ್ಟರು. ಪೂರಾ ಕುಡಿದೆ.

ನಾಯಿ ಇದೆ.

ವರ್ಧಮಾನ